ಎಷ್ಟನೇ ಓನರ್? ಒಂದು ಹಳದಿ ರೋಲ್ಸ್ ರಾಯ್ಸ್ ಕೈ ಬದಲಿಸಿದ ಕಥೆ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಮ್ಮಲ್ಲಿ ಯಾರೇ ಆಗಲಿ ಮೊದಲು ಕೇಳೋದು ಒಂದೇ ಪ್ರಶ್ನೆ: ‘ಎಷ್ಟನೇ ಓನರ್?’ ಫಸ್ಟ್ ಓನರ್ ಅಂದ್ರೆ ಮುಖ ಅರಳುತ್ತದೆ. ನಾಲ್ಕನೆಯವರು ಅಂದ್ರೆ ಮನಸ್ಸಿನಲ್ಲೇ ಬೆಲೆ ಇಳಿಸಿಬಿಡುತ್ತೇವೆ. ಕೈ ಬದಲಾದಷ್ಟೂ ಗಾಡಿ ಸವೆದಿರುತ್ತದೆ ಅನ್ನೋದು ನಮ್ಮ ಲೆಕ್ಕ.

ಹಳೆಯ ಇಂಗ್ಲಿಷ್ ಐಷಾರಾಮಿ ಕಾರುಗಳ ಲೋಕದಲ್ಲಿ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿ ಓನರ್‌ಗಳ ಪಟ್ಟಿ ಉದ್ದ ಇದ್ದರೆ ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ನಡುವೆ ಒಂದು ಹತ್ತು ವರ್ಷ ಕಾರು ಯಾರ ಹತ್ತಿರ ಇತ್ತು ಅಂತ ಗೊತ್ತಾಗದಿದ್ದರೆ ಮಾತ್ರ ಕೊಳ್ಳುವವರ ಹುಬ್ಬು ಗಂಟಾಗುತ್ತದೆ.

1985ರ ಜೂನ್ 29ರಂದು ನ್ಯೂಯಾರ್ಕ್‌ನಲ್ಲಿ ಸೋದಬೀಸ್ ಸಂಸ್ಥೆ ಒಂದು ರೋಲ್ಸ್ ರಾಯ್ಸ್ ಹರಾಜು ಹಾಕಿತು. ಇಪ್ಪತ್ತು ವರ್ಷ ಹಳೆಯ ಕಾರು. ಎರಡರಿಂದ ಮೂರು ಲಕ್ಷ ಡಾಲರ್ ಬರಬಹುದು ಅಂತ ಅಂದಾಜು. ಹೋಗಿದ್ದು 22,99,000 ಡಾಲರ್‌ಗೆ. ಅದೇ ಎಂಜಿನ್, ಅದೇ ಉದ್ದ, ಅದೇ ಕಾರ್ಖಾನೆಯ ಬೇರೆ ಕಾರುಗಳು ಅದರ ಒಂದು ಚೂರು ಬೆಲೆಗೆ ಸಿಗುತ್ತಿದ್ದವು. ಈ ಕಾರಿನ ಪಟ್ಟಿಯಲ್ಲಿ ಮೊದಲ ಹೆಸರು ಜಾನ್ ಲೆನನ್ ಅಂತಿತ್ತು. ಇಂಗ್ಲೆಂಡಿನ ಬೀಟಲ್ಸ್ ಎಂಬ ಹಾಡುಗಾರರ ತಂಡದ ಲೆನನ್.

ಬರೀ ಹೆಸರಿಗೆ ಅಷ್ಟು ದುಡ್ಡು ಕೊಟ್ಟರು ಅಂತ ಹೇಳಿ ಮುಗಿಸಬಹುದು. ಆದರೆ ಆ ಹೆಸರು ಕಾರಿಗೆ ಏನು ಮಾಡಿತು, ಆಮೇಲೆ ಬಂದವರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಅನ್ನೋದರಲ್ಲೇ ವಿಷಯ ಇರೋದು. ಅದಕ್ಕೆ ಮೊದಲು ಇಂಥ ಕಾರು ಹುಟ್ಟುತ್ತಿದ್ದ ರೀತಿ ಗೊತ್ತಿರಬೇಕು.

ಹೈವೇಯಲ್ಲಿ ಲಾರಿಯ ಬರೀ ಚಾಸಿಸ್ ಓಡಿಸಿಕೊಂಡು ಹೋಗುವ ಡ್ರೈವರ್‌ಗಳನ್ನು ನೋಡಿರುತ್ತೀರಿ. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಗಾಳಿ ಧೂಳಿನಲ್ಲೇ ನೂರಾರು ಮೈಲಿ ಹೋಗುತ್ತಾರೆ. ಕಂಪನಿ ಕೊಡೋದು ಎಂಜಿನ್, ಗಾಲಿ, ಉಕ್ಕಿನ ಚೌಕಟ್ಟು ಮಾತ್ರ. ಮೇಲಿನದನ್ನು ಮಾಲೀಕ ತನಗೆ ಬೇಕಾದ ಹಾಗೆ ಬಾಡಿ ಕಟ್ಟುವವರ ಹತ್ತಿರ ಕಟ್ಟಿಸಿಕೊಳ್ಳುತ್ತಾನೆ.

ರೋಲ್ಸ್ ರಾಯ್ಸ್ ಮತ್ತು ಬೆಂಟ್ಲಿ ಕಾರುಗಳೂ ಎರಡನೇ ಮಹಾಯುದ್ಧದವರೆಗೆ ಹುಟ್ಟುತ್ತಿದ್ದದ್ದು ಹೀಗೇ. ಕಂಪನಿಯವರು ಓಡುವ ಚಾಸಿಸ್ ಕೊಡುತ್ತಿದ್ದರು. ಅದು ಅಲ್ಲಿಂದ ಬಾಡಿ ಕಟ್ಟುವ ಮನೆಗೆ ಹೋಗಬೇಕು. ಇಂಗ್ಲಿಷಿನಲ್ಲಿ ಇವರನ್ನು ಕೋಚ್‌ಬಿಲ್ಡರ್ ಅನ್ನುತ್ತಾರೆ, ಅಂದ್ರೆ ಸಾರೋಟು ಕಟ್ಟುವವರು. ಹೂಪರ್, ಬಾರ್ಕರ್, ಥ್ರಪ್ ಅಂಡ್ ಮೇಬರ್ಲಿ, ಇಂಥ ಎಷ್ಟೋ ಮನೆಗಳು ನಿಜವಾಗಿಯೂ ಕುದುರೆ ಸಾರೋಟು ಕಟ್ಟುತ್ತಿದ್ದವೇ. ಕುದುರೆ ಹೋಗಿ ಎಂಜಿನ್ ಬಂದರೂ ಕೈಗಳು ಅವೇ. ಆಶ್ ಮರದಲ್ಲಿ ಅಸ್ಥಿಪಂಜರ ಮಾಡಿ, ಅಲ್ಯುಮಿನಿಯಂ ತಗಡನ್ನು ಎರಡು ಉರುಳೆಗಳ ನಡುವೆ ಹಿಂದೆ ಮುಂದೆ ಆಡಿಸಿ ಉಬ್ಬು ತಗ್ಗು ತಂದು, ಆ ಮರಕ್ಕೆ ಹೊದಿಸುತ್ತಿದ್ದರು. ಬಣ್ಣದ ಮೇಲೆ ಬಣ್ಣ, ನಡುವೆ ಉಜ್ಜುವುದು, ಮತ್ತೆ ಬಣ್ಣ. ತಿಂಗಳುಗಟ್ಟಲೆ ಕೆಲಸ.

ಹಾಗಾಗಿ ಇಂಥ ಕಾರಿಗೆ ತವರು ಎರಡು, ಗುರುತೂ ಎರಡು. ಚಾಸಿಸ್ ನಂಬರ್ ಒಂದು, ಬಾಡಿ ಯಾರು ಕಟ್ಟಿದರು ಅನ್ನೋದು ಇನ್ನೊಂದು. ಈ ಎರಡೂ ಬೇರೆ ಬೇರೆ ದಾರಿ ಹಿಡಿಯಬಹುದು. ಎಷ್ಟೋ ಸಲ ಹಿಡಿದಿವೆ ಕೂಡ. ಎಂಜಿನ್ ಅರವತ್ತು ವರ್ಷ ಬಾಳುತ್ತಿತ್ತು, ಮರ ಬೇಗ ಲಡ್ಡಾಗುತ್ತಿತ್ತು. ಕೊಂಡ ಸಾಹುಕಾರ ತೀರಿಕೊಂಡ ಮೇಲೆ ಆ ದೊಡ್ಡ ಲಿಮೋಸಿನ್ ಯಾರಿಗೂ ಬೇಡವಾಗುತ್ತಿತ್ತು. ಆಗ ಕಡಿಮೆ ದುಡ್ಡಿಗೆ ಕೊಂಡವರು ಮೇಲಿನ ಬಾಡಿ ಕಿತ್ತುಹಾಕಿ ಶವ ಸಾಗಿಸುವ ಗಾಡಿ ಮಾಡಿಕೊಂಡರು. ಗ್ಯಾರೇಜಿನವರು ಕೆಟ್ಟು ನಿಂತ ವಾಹನ ಎಳೆಯುವ ಗಾಡಿ ಮಾಡಿಕೊಂಡರು. ಮುಂದೆ ಹಳೆಯ ಕಾರಿಗೆ ಬೆಲೆ ಬಂದಾಗ ಮತ್ಯಾರೋ ಅದೇ ಚಾಸಿಸ್ ಮೇಲೆ ಹೊಸದಾಗಿ, ಹಳೆಯದರ ಹಾಗೆ ಕಾಣುವ ತೆರೆದ ಬಾಡಿ ಕಟ್ಟಿಸಿದರು. ನೋಡೋಕೆ 1920ರ ಕಾರು. ಕುಳಿತುಕೊಳ್ಳುವ ಜಾಗ ಮಾತ್ರ 1980ರದ್ದು. ಅದಕ್ಕೇ ಇಂಥ ಕಾರು ಕೊಳ್ಳುವವರು ಕಾರಿಗಿಂತ ಮೊದಲು ಕಾಗದ ನೋಡುತ್ತಾರೆ.

ಯಾವ ಕಾಗದ? ನಮ್ಮ ಮನೆಗೆ ಒಂದು ಹಳೆಯ ಫಿಯೆಟ್ ಬಂದಾಗ ಅದರ ಆರ್‌ಸಿ ಬುಕ್ ತೆರೆದು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಯಾರೋ ಡಾಕ್ಟರ್ ಹೆಸರು, ಅದರ ಮೇಲೆ ಗೆರೆ. ಕೆಳಗೆ ಇನ್ನೊಂದು ಹೆಸರು, ಮೊಹರು. ಮೂರನೆಯದು ಅಪ್ಪನ ಹೆಸರು. ನಾನು ಡಾಕ್ಟರ್ ಹೆಸರಿನ ಮೇಲೆ ಬೆರಳಿಟ್ಟು, ಈ ಸೀಟಿನಲ್ಲಿ ಕೂತು ಅವರು ಯಾರ ಮನೆಗೆಲ್ಲ ರಾತ್ರಿ ಹೋಗಿರಬಹುದು ಅಂತ ಯೋಚಿಸಿದ್ದೆ. ಓನರ್ ಪಟ್ಟಿ ಅನ್ನೋದು ಸುಮ್ನೆ ಸರ್ಕಾರಿ ಕಾಗದ ಅಲ್ಲ ಅಂತ ನನಗೆ ಅನಿಸಿದ್ದು ಆವತ್ತೇ.

ಬ್ರಿಟನ್ನಿನಲ್ಲೂ ಇಂಥದ್ದೇ ಒಂದು ಪುಸ್ತಕ ಇತ್ತು. ಲಾಗ್‌ಬುಕ್ ಅನ್ನುತ್ತಿದ್ದರು. ಓನರ್ ಬದಲಾದಾಗಲೆಲ್ಲ ಹೆಸರು, ವಿಳಾಸ, ಮೊಹರು. 1970ರ ದಶಕದಲ್ಲಿ ಈ ಕೆಲಸವೆಲ್ಲ ಸ್ವಾನ್ಸಿ ಎಂಬ ಊರಿನ ಕೇಂದ್ರ ಕಚೇರಿಗೆ ಹೋಯಿತು. ಆಮೇಲೆ ಊರೂರಿನ ಕಚೇರಿಗಳಲ್ಲಿದ್ದ ಹಳೆಯ ರಿಜಿಸ್ಟರ್‌ಗಳಲ್ಲಿ ಎಷ್ಟೋ ನಾಶವಾದವು. ಒಂದು ಕಾಲದ ಸಾವಿರಾರು ಕಾರುಗಳ ಹಿಂದಿನ ಹೆಸರುಗಳು ಅದರ ಜೊತೆಗೇ ಹೋದವು. ಇದನ್ನು ನೆನೆದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಪುಣ್ಯಕ್ಕೆ ರೋಲ್ಸ್ ರಾಯ್ಸ್ ಕಂಪನಿಯವರು ತಮ್ಮದೇ ಲೆಕ್ಕ ಇಟ್ಟಿದ್ದರು. ಪ್ರತಿ ಚಾಸಿಸ್‌ಗೆ ಒಂದು ಕಾರ್ಡು. ಯಾರು ಆರ್ಡರ್ ಕೊಟ್ಟರು, ಯಾವ ಬಾಡಿ ಮನೆಗೆ ಕಳಿಸಿದೆವು, ಏನೇನು ವಿಶೇಷ ಬೇಕು ಅಂದರು, ಯಾವತ್ತು ಒಪ್ಪಿಸಿದೆವು, ಎಲ್ಲವೂ. ಆಮೇಲೆ ಕಾರು ಸರ್ವಿಸ್‌ಗೆ ಬಂದಾಗ ಹೊಸ ಓನರ್ ಹೆಸರನ್ನೂ ಸೇರಿಸುತ್ತಿದ್ದರು. ಚಾಸಿಸ್ ನಂಬರ್ ಕೊಡುವಾಗ 13 ಅನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು, ಅಪಶಕುನ ಅಂತ. ಈ ಹಳೆಯ ಕಾರ್ಡುಗಳು ಈಗ ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ, ರೋಲ್ಸ್ ರಾಯ್ಸ್ ಪ್ರಿಯರ ಕ್ಲಬ್ಬಿನ ಕಟ್ಟಡದಲ್ಲಿ ಜೋಪಾನವಾಗಿವೆ.

ಕಾಗದ ಇಲ್ಲದ ಕಥೆ ಹೇಗಿರುತ್ತದೆ ಅನ್ನೋದಕ್ಕೆ ನಮ್ಮ ಮೊಬೈಲಿಗೇ ಒಂದು ಉದಾಹರಣೆ ಬರುತ್ತಿರುತ್ತದೆ. ಲಂಡನ್ ಶೋರೂಮಿನಲ್ಲಿ ಅವಮಾನವಾದ ಒಬ್ಬ ಮಹಾರಾಜರು ಅಷ್ಟೂ ರೋಲ್ಸ್ ರಾಯ್ಸ್ ಕೊಂಡು ತಂದು ಕಸ ಎತ್ತೋಕೆ ಬಿಟ್ಟರಂತೆ. ಒಬ್ಬರು ಹೇಳುವಾಗ ಅವರು ಅಲ್ವರ್‌ನ ರಾಜ, ಇನ್ನೊಬ್ಬರು ಹೇಳುವಾಗ ಭರತ್‌ಪುರ, ಮತ್ತೊಬ್ಬರ ಬಾಯಲ್ಲಿ ಪಟಿಯಾಲ. ಆ ಕಥೆಯ ಜೊತೆ ಒಂದು ಚಾಸಿಸ್ ನಂಬರೂ ಬರೋದಿಲ್ಲ. ಕಾರ್ಡು ಇರುವ ಕಂಪನಿಯ ಕಾರಿಗೆ ಇದು ಸಣ್ಣ ಕೊರತೆ ಅಲ್ಲ, ಅಲ್ವಾ?

ಈಗ ಲೆನನ್ ಕಾರಿಗೆ ಬರೋಣ. ಅದರ ಕಾಗದ ಚೆನ್ನಾಗಿದೆ. ಮಾಡೆಲ್ ಫ್ಯಾಂಟಮ್ 5. ಚಾಸಿಸ್ ನಂಬರ್ 5ವಿಡಿ73. ನಂಬರ್ ಪ್ಲೇಟು ಎಫ್‌ಜೆಬಿ 111ಸಿ. ನಮ್ಮಲ್ಲಿ ಕೆಎ 09 ನೋಡಿದ ತಕ್ಷಣ ಮೈಸೂರು ಅಂತ ಗೊತ್ತಾಗುವ ಹಾಗೆ, ಅಲ್ಲಿಯವರಿಗೆ ‘ಜೆಬಿ’ ಅಂದ್ರೆ ಬರ್ಕ್‌ಷೈರ್, ಕೊನೆಯ ‘ಸಿ’ ಅಂದ್ರೆ 1965. ಬಾಡಿ ಕಟ್ಟಿದ್ದು ಲಂಡನ್ನಿನ ಮಲಿನರ್ ಪಾರ್ಕ್ ವಾರ್ಡ್. ಹೆಸರಿನಲ್ಲೇ ಎರಡು ಹಳೆಯ ಮನೆಗಳಿವೆ. ಪಾರ್ಕ್ ವಾರ್ಡ್ ಅನ್ನು 1939ರಲ್ಲಿ, ಎಚ್. ಜೆ. ಮಲಿನರ್ ಅನ್ನು 1959ರಲ್ಲಿ ರೋಲ್ಸ್ ರಾಯ್ಸ್ ಕೊಂಡುಕೊಂಡು, 1961ರಲ್ಲಿ ಎರಡನ್ನೂ ಒಂದು ಮಾಡಿತು. ಆ ಹೊತ್ತಿಗೆ ಕೈಯಲ್ಲಿ ಬಾಡಿ ಕಟ್ಟುವ ಕಾಲವೇ ಮುಗಿಯುತ್ತಾ ಬಂದಿತ್ತು. 1965ರಲ್ಲಿ ಬಂದ ಸಿಲ್ವರ್ ಶ್ಯಾಡೋದಲ್ಲಿ ಚಾಸಿಸ್, ಬಾಡಿ ಎರಡೂ ಒಂದೇ ಆಗಿಬಿಟ್ಟವು. ಬೇರೆ ಬಾಡಿ ಕೂರಿಸೋಕೆ ಕೆಳಗೆ ಚೌಕಟ್ಟೇ ಇಲ್ಲ. ಫ್ಯಾಂಟಮ್‌ನಂಥ ಆರು ಮೀಟರ್ ಉದ್ದದ ದೊಡ್ಡ ಕಾರುಗಳಲ್ಲಿ ಮಾತ್ರ ಹಳೆಯ ಪದ್ಧತಿ ಇನ್ನೂ ಸ್ವಲ್ಪ ಕಾಲ ಉಳಿಯಿತು.

1965ರ ಜೂನ್ 3ರಂದು ಕಾರು ಲೆನನ್ ಕೈಗೆ ಬಂತು. ಬಣ್ಣ ಕಪ್ಪು. ಇಪ್ಪತ್ತನಾಲ್ಕು ವರ್ಷದ ಹುಡುಗ, ಅರಮನೆಗೆ ಹೋಗುವಂಥ ಗಾಡಿ. ಅರಮನೆಗೆ ಹೋದದ್ದೂ ನಿಜ. ಅದೇ ಅಕ್ಟೋಬರ್ 26ರಂದು ಬೀಟಲ್ಸ್‌ನ ನಾಲ್ವರೂ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಪದಕ ತಗೊಳ್ಳೋಕೆ ಹೋದದ್ದು ಇದೇ ಕಪ್ಪು ಕಾರಿನಲ್ಲಿ.

ಮುಂದಿನ ವರ್ಷದಿಂದ ಲೆನನ್ ಕಾರನ್ನು ತನ್ನದು ಮಾಡಿಕೊಳ್ಳೋಕೆ ಶುರುಮಾಡಿದರು. ಹಿಂದಿನ ಸೀಟು ಮಡಚಿದರೆ ಇಬ್ಬರು ಮಲಗುವ ಹಾಸಿಗೆ ಆಗಬೇಕು ಅಂದರು, ಆಯಿತು. ಒಳಗೆ ಟೆಲಿವಿಷನ್ ಬಂತು, ಟೆಲಿಫೋನ್ ಬಂತು. ಫಿಲಿಪ್ಸ್ ಕಂಪನಿಯ ಒಂದು ಪುಟ್ಟ ರೆಕಾರ್ಡ್ ಪ್ಲೇಯರ್ ಬಂತು. ರಸ್ತೆಯ ಹಳ್ಳಕ್ಕೆ ಕಾರು ಕುಲುಕಿದರೂ ಮುಳ್ಳು ಹಾರದ ಹಾಗೆ ಅದನ್ನು ತೇಲುವಂತೆ ಕೂರಿಸಿದ್ದರು. ಫ್ಯಾಂಟಮ್ ಅನ್ನು ಎಷ್ಟೋ ದೇಶಗಳ ಮುಖ್ಯಸ್ಥರು ಕೊಂಡಿದ್ದರು. ಅದರಲ್ಲಿ ಮಲಗಿ ಹಾಡು ಕೇಳಬೇಕು ಅಂತ ಯೋಚಿಸಿದ್ದು ಹಾಡು ಕಟ್ಟುವ ಈ ಮನುಷ್ಯ.

1967ರ ವಸಂತದಲ್ಲಿ ಕಾರು ಚೆರ್ಟ್ಸಿ ಎಂಬ ಊರಿನ ಜೆ. ಪಿ. ಫ್ಯಾಲನ್ ಎಂಬ ಬಾಡಿ ಅಂಗಡಿಗೆ ಹೋಯಿತು. ಕಪ್ಪಿನ ಮೇಲೆ ಹಳದಿ ಬಳಿದರು. ಇಂಗ್ಲೆಂಡಿನ ಅಲೆಮಾರಿ ಜಿಪ್ಸಿಗಳ ಬಂಡಿಗಳ ಮೇಲೆ ಇರುತ್ತಲ್ಲ, ಅಂಥ ಹೂವು, ಬಳ್ಳಿ, ಸುರುಳಿಗಳನ್ನು ಆ ಹಳದಿಯ ಮೇಲೆ ಸ್ಟೀವ್ ವೀವರ್ ಎಂಬ ಕಲಾವಿದ ಕೈಯಿಂದ ಬಿಡಿಸಿದರು. ಬಾಗಿಲ ನಡುವೆ ದೊಡ್ಡ ಹೂಗೊಂಚಲು. ಕೆಂಪು, ಹಸಿರು, ನೀಲಿ. ಮಾಡಿನ ಮೇಲೆ ತುಲಾ ರಾಶಿಯ ಚಿಹ್ನೆ. ಅಕ್ಟೋಬರ್ 9ರಂದು ಹುಟ್ಟಿದ ಲೆನನ್‌ದು ತುಲಾ ರಾಶಿ. ಖರ್ಚು ಸುಮಾರು 2,000 ಪೌಂಡ್. ಲಂಡನ್ ರಸ್ತೆಯಲ್ಲಿ ಒಬ್ಬ ಮುದುಕಿ ‘ರೋಲ್ಸ್ ರಾಯ್ಸ್‌ಗೆ ಹೀಗೆ ಮಾಡೋಕೆ ಎಷ್ಟು ಧೈರ್ಯ’ ಅಂತ ಕೊಡೆಯಿಂದ ಬಾರಿಸಿದಳು ಎಂಬ ಕಥೆ ಅವತ್ತಿನಿಂದ ಈ ಕಾರಿನ ಜೊತೆಗೇ ಓಡಾಡುತ್ತಿದೆ. ಆ ಅಜ್ಜಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ಹತ್ತಾರು ಕೈಗಳು ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಕಪ್ಪು ಬಣ್ಣ ಅದು. ಅದೆಲ್ಲ ಒಂದು ಪದರದ ಕೆಳಗೆ ಹೋಯಿತು.

1970ರಲ್ಲಿ ಕಾರು ಹಡಗಿನಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಬೇರೆ ಸಂಗೀತಗಾರರಿಗೂ ಓಡಾಡೋಕೆ ಕೊಟ್ಟರು. ಆಮೇಲೆ ಜಾಸ್ತಿ ನಿಂತೇ ಇತ್ತು. 1977ರ ಡಿಸೆಂಬರ್‌ನಲ್ಲಿ ಲೆನನ್, ಯೋಕೋ ದಂಪತಿ ಇದನ್ನು ನ್ಯೂಯಾರ್ಕ್‌ನ ಕೂಪರ್ ಹ್ಯೂವಿಟ್ ಮ್ಯೂಸಿಯಂಗೆ ದಾನ ಕೊಟ್ಟರು. ಬದಲಿಗೆ 2,25,000 ಡಾಲರ್ ತೆರಿಗೆ ರಿಯಾಯಿತಿ ಸಿಕ್ಕಿತು. ಮ್ಯೂಸಿಯಂ ಕೆಲವು ತಿಂಗಳು ಮಾತ್ರ ಪ್ರದರ್ಶನಕ್ಕಿಟ್ಟಿತು. ಕಾಯಂ ಆಗಿ ಇಡೋಕೆ ವಿಮೆಯ ಖರ್ಚು ಭರಿಸೋದು ಕಷ್ಟವಾಯಿತು. ಕಾರು ಮೇರಿಲ್ಯಾಂಡ್‌ನ ಒಂದು ಗೋಡೌನ್ ಸೇರಿತು. 1980ರ ಡಿಸೆಂಬರ್ 8ರಂದು ನ್ಯೂಯಾರ್ಕ್‌ನಲ್ಲಿ ತನ್ನ ಮನೆಯ ಬಾಗಿಲಲ್ಲೇ ಲೆನನ್ ಗುಂಡಿಗೆ ಬಲಿಯಾದರು. ಕಾರು ಗೋಡೌನಿನಲ್ಲೇ ಇತ್ತು.

1985ರ ಹರಾಜಿನಲ್ಲಿ ಕೊಂಡದ್ದು ರಿಪ್ಲೀಸ್. ಹೌದು, ‘ನಂಬಿದರೆ ನಂಬಿ’ ಅಂತ ವಿಚಿತ್ರಗಳನ್ನು ತೋರಿಸುವ ಅದೇ ಸಂಸ್ಥೆ. ಅದರ ಮಾಲೀಕ ಕೆನಡಾದ ಜಿಮ್ ಪ್ಯಾಟಿಸನ್. ವ್ಯಾಂಕೂವರ್‌ನಲ್ಲಿ 1986ರ ವಿಶ್ವ ಪ್ರದರ್ಶನ ನಡೆಸುವ ಹೊಣೆ ಅವರದ್ದೇ ಆಗಿತ್ತು, ಕಾರನ್ನು ಅಲ್ಲಿಟ್ಟರು. ಮರುವರ್ಷ ಅದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರದ ಪಾಲಾಯಿತು. 1993ರಿಂದ ವಿಕ್ಟೋರಿಯಾ ನಗರದ ರಾಯಲ್ ಬಿಸಿ ಮ್ಯೂಸಿಯಂನ ಆಸ್ತಿ.

ಪಟ್ಟಿ ಇಷ್ಟೇ. ಒಬ್ಬ ಹಾಡುಗಾರ, ಒಂದು ಮ್ಯೂಸಿಯಂ, ಒಂದು ಕಂಪನಿ, ಒಂದು ಸರ್ಕಾರ, ಮತ್ತೊಂದು ಮ್ಯೂಸಿಯಂ. ನಡುವೆ ಒಂದು ದಿನವೂ ಖಾಲಿ ಇಲ್ಲ.

ಈಗ ಕಷ್ಟದ ಪ್ರಶ್ನೆ. ಹಳೆಯ ಕಾರನ್ನು ರಿಪೇರಿ ಮಾಡಿಸುವವರ ಬಾಯಲ್ಲಿ ಯಾವಾಗಲೂ ಒಂದು ಮಾತಿರುತ್ತದೆ: ‘ಅಸಲಿ ಸ್ಥಿತಿಗೆ ತರಬೇಕು.’ ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ. ಬಣ್ಣ, ಚರ್ಮ, ಸ್ಕ್ರೂ ಎಲ್ಲವೂ ಕಾರ್ಡಿನಲ್ಲಿ ಬರೆದ ಹಾಗೆ. ಆ ನಿಯಮವನ್ನು ಈ ಕಾರಿಗೆ ಹಾಕಿ ನೋಡಿ. ಹಳದಿ ಕೆರೆದು ಕಪ್ಪು ಬಳಿಯಬೇಕು. ಹಾಸಿಗೆ ಕಿತ್ತು ಸೀಟು ಹಾಕಬೇಕು. ರೆಕಾರ್ಡ್ ಪ್ಲೇಯರ್ ತೆಗೆಯಬೇಕು. ಆಗ ಕಾರ್ಡಿಗೆ ಸರಿಯಾಗಿ ಹೊಂದುವ, ಅಚ್ಚುಕಟ್ಟಾದ ಒಂದು ಫ್ಯಾಂಟಮ್ 5 ಸಿಗುತ್ತದೆ. ಲೆನನ್ ಕಾರು ಹೋಗಿಬಿಡುತ್ತದೆ.

ಅಂದ್ರೆ ಅಸಲಿ ಅನ್ನೋದು ಯಾವ ದಿನದ ಅಸಲಿ? 1965ರ ಜೂನ್‌ನದ್ದಾ? ಅರಮನೆಗೆ ಹೋದ ದಿನದ್ದಾ? ಹೂವು ಬಿಡಿಸಿ ಮುಗಿದ ದಿನದ್ದಾ? ಇದಕ್ಕೆ ಕಬ್ಬಿಣ, ಅಲ್ಯುಮಿನಿಯಂ ಉತ್ತರ ಕೊಡೋದಿಲ್ಲ. ಓನರ್‌ಗಳ ಪಟ್ಟಿ ಕೊಡುತ್ತದೆ. ಈ ಕಾರಿನ ಬದುಕಿನಲ್ಲಿ ಯಾರ ಕಾಲ ದೊಡ್ಡದು ಅಂತ ಪಟ್ಟಿ ಓದಿ ತೀರ್ಮಾನಿಸಬೇಕು. ಆ ಕಾಲದ ಗುರುತುಗಳನ್ನು ಆಮೇಲಿನವರು ಮುಟ್ಟಬಾರದು. ನನ್ನ ಮಟ್ಟಿಗೆ ಲೆನನ್ ಕಾರಿನ ಆಮೇಲಿನ ಓನರ್‌ಗಳು ಮಾಡಿದ ದೊಡ್ಡ ಕೆಲಸ ಇದೇ. ಒಬ್ಬರೂ ಅದಕ್ಕೆ ತಮ್ಮ ಬಣ್ಣ ಬಳಿಯಲಿಲ್ಲ.

ಪಟ್ಟಿ ಸರಿಯಾಗಿದ್ದೂ ವಸ್ತುವೇ ಉಳಿಯದಿದ್ದರೆ? ಇದನ್ನು ಲಂಡನ್ನಿನ ಒಂದು ಕೋರ್ಟು 1990ರಲ್ಲಿ ಎದುರಿಸಬೇಕಾಯಿತು. ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಬೆಂಟ್ಲಿ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲಿ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಯ ರೇಸನ್ನು 1929ರಲ್ಲೂ 1930ರಲ್ಲೂ ಗೆದ್ದ ಕಾರು. ಎರಡೂ ಸಲ ಓಡಿಸಿದವರಲ್ಲಿ ಒಬ್ಬರು ಬೆಂಟ್ಲಿ ಕಂಪನಿಗೆ ಬಂಡವಾಳ ಹಾಕಿದ್ದ ವೂಲ್ಫ್ ಬಾರ್ನಾಟೊ. ರೇಸಿನ ಕಾರು ಅಂದ್ರೆ ಬಿಚ್ಚೋದು, ಬದಲಿಸೋದು ನಡೆದೇ ಇರುತ್ತದೆ. 1932ರಲ್ಲಿ ದೊಡ್ಡ 8 ಲೀಟರ್ ಎಂಜಿನ್ ಹಾಕಿಕೊಂಡು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಓಡುವಾಗ ಅಪಘಾತವಾಗಿ ಕ್ಲೈವ್ ಡನ್‌ಫೀ ಎಂಬ ಚಾಲಕ ತೀರಿಕೊಂಡರು. ಬಾರ್ನಾಟೊ ಉಳಿದದ್ದನ್ನು ತಂದು ರಸ್ತೆಗೆ ಓಡಿಸುವ ಮುಚ್ಚಿದ ಕಾರಾಗಿ ಕಟ್ಟಿಸಿದರು. ಮುಂದೆ ಅದಕ್ಕೆ ಮತ್ತೆ ಹಳೆಯ ರೇಸ್ ಕಾರಿನ ರೂಪ ಬಂತು.

1990ರಲ್ಲಿ ಇದನ್ನು ಒಂದು ಕೋಟಿ ಪೌಂಡ್‌ಗೆ ಕೊಳ್ಳುವ ಒಪ್ಪಂದ ಆಯಿತು. ಆಮೇಲೆ ಕೊಂಡವರು ತಕರಾರು ತೆಗೆದರು. ಲಿ ಮಾನ್ಸ್ ಗೆದ್ದ ಕಾರು ಇದಲ್ಲ, ಆ ಕಾರಿನ ಭಾಗಗಳು ಇದರಲ್ಲಿ ಎಲ್ಲಿವೆ ಅಂತ. ಪರಿಣತರು ಬಂದರು, ಒಂದೊಂದು ಬೋಲ್ಟಿನ ಲೆಕ್ಕ ಆಯಿತು. 1929ರ ಕಾರಿನದ್ದು ಹೆಚ್ಚುಕಮ್ಮಿ ಏನೂ ಉಳಿದಿರಲಿಲ್ಲ. ಆದರೂ ನ್ಯಾಯಮೂರ್ತಿ ಓಟನ್ ಮಾರಿದವರ ಪರವಾಗಿ ತೀರ್ಪು ಕೊಟ್ಟರು. ಈ ಕಾರು ಒಂದು ದಿನವೂ ಕಣ್ಮರೆಯಾಗಿ, ಇನ್ನೊಂದು ಕಾರಾಗಿ ಹುಟ್ಟಿಬಂದದ್ದಲ್ಲ. ಒಂದೊಂದೇ ಭಾಗ ಬದಲಾಗುತ್ತಾ, ಅದೇ ಹೆಸರಿನಲ್ಲಿ, ಒಂದೇ ಎಳೆಯಾಗಿ ಬಾಳಿದೆ. ಆದ್ದರಿಂದ ಓಲ್ಡ್ ನಂಬರ್ ಒನ್ ಅಂತ ಕರೆಸಿಕೊಳ್ಳುವ ಹಕ್ಕು ಇದಕ್ಕೇ ಇದೆ ಅನ್ನೋದು ತೀರ್ಪಿನ ತಿರುಳು.

ನಮ್ಮೂರಿನ ದೇವರ ತೇರನ್ನೇ ನೋಡಿ. ಗಾಲಿ ಬದಲಾಗಿರುತ್ತದೆ, ತೊಲೆ ಬದಲಾಗಿರುತ್ತದೆ, ಹಗ್ಗವಂತೂ ಎಷ್ಟು ಸಲ ಹೊಸದಾಗಿದೆಯೋ. ಆದರೂ ಅಜ್ಜ ಎಳೆದ ತೇರನ್ನೇ ನಾವೂ ಎಳೆಯುತ್ತೇವೆ. ಯಾರೂ ಅದನ್ನು ನಕಲಿ ಅನ್ನೋದಿಲ್ಲ. ಎಳೆ ಕಡಿದಿಲ್ಲ, ಅಷ್ಟೇ. ಕೋರ್ಟು ಹಿಡಿದದ್ದೂ ಆ ಎಳೆಯನ್ನೇ. ಓನರ್ ಪಟ್ಟಿಯಲ್ಲಿ ಖಾಲಿ ಜಾಗ ಇದ್ದರೆ ಕೊಳ್ಳುವವರು ಅಷ್ಟು ಹೆದರೋದು ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ. ಭಾಗ ಕಳೆದರೆ ಹೊಸದು ಮಾಡಿಸಬಹುದು. ಕಳೆದ ಹತ್ತು ವರ್ಷವನ್ನು ಯಾವ ಅಂಗಡಿಯಲ್ಲೂ ಮಾಡಿಸೋಕೆ ಆಗೋದಿಲ್ಲ.

ನಮ್ಮ ದೇಶದ ರಾಜಮನೆತನಗಳ ಕಾರುಗಳಿಗೆ ಆದದ್ದು ಬೇರೆ ಥರ. ಸಂಸ್ಥಾನಗಳು ಹೋದವು, 1971ರಲ್ಲಿ ರಾಜಧನವೂ ನಿಂತಿತು. ಲಂಡನ್ನಿನಲ್ಲಿ ಬಾಡಿ ಕಟ್ಟಿಸಿ ತರಿಸಿದ್ದ ಗಾಡಿಗಳು ಒಂದೊಂದಾಗಿ ಮಾರಾಟವಾದವು. ಎಷ್ಟೋ ಕಾರುಗಳು ಬಂದ ದಾರಿಯಲ್ಲೇ ಯುರೋಪಿಗೆ, ಅಮೆರಿಕಕ್ಕೆ ವಾಪಸ್ ಹೋದವು. ಅವುಗಳಲ್ಲಿ ಒಂದು ‘ಸ್ಟಾರ್ ಆಫ್ ಇಂಡಿಯಾ’. 1934ರಲ್ಲಿ ಸೌರಾಷ್ಟ್ರದ ರಾಜ್‌ಕೋಟ್‌ನ ಠಾಕೂರ್ ಸಾಹೇಬರು ತರಿಸಿದ ರೋಲ್ಸ್ ರಾಯ್ಸ್ ಫ್ಯಾಂಟಮ್ 2 ಕಾಂಟಿನೆಂಟಲ್. ಮಾಡು ಮಡಚಬಹುದಾದ ಬಾಡಿ ಕಟ್ಟಿದ್ದು ಥ್ರಪ್ ಅಂಡ್ ಮೇಬರ್ಲಿ. ಬಣ್ಣ ಕೇಸರಿ ಕಾವಿ, ಬಾನೆಟ್ಟಿಗೆ ಬಣ್ಣವೇ ಇಲ್ಲ, ಉಜ್ಜಿ ಹೊಳಪು ಬರಿಸಿದ ಅಲ್ಯುಮಿನಿಯಂ. ಬಿಸಿಲಿಗೆ ನಿಲ್ಲಿಸಿದ ಫೋಟೋಗಳಲ್ಲಿ ಆ ಬಾನೆಟ್ ತೊಳೆದಿಟ್ಟ ಬೆಳ್ಳಿ ಪಾತ್ರೆಯ ಹಾಗೆ ಕಾಣುತ್ತದೆ.

ಆ ಕಾರು ಮನೆತನದ ಕೈಬಿಟ್ಟು, ದೇಶ ಬಿಟ್ಟು, ಯುರೋಪಿನ ಸಂಗ್ರಹಕಾರರ ಮನೆಗಳಲ್ಲಿ ದಶಕಗಳ ಕಾಲ ಇತ್ತು. 2010ರಲ್ಲಿ ಮೊನಾಕೊದಲ್ಲಿ ಹರಾಜಿಗೆ ಬಂತು. ಅದನ್ನು ತರಿಸಿದ್ದ ಠಾಕೂರ್ ಸಾಹೇಬರ ಮನೆತನದವರೇ ಕೊಂಡುಕೊಂಡರು. ಈಗ ಆ ಕಾರಿನ ಓನರ್ ಪಟ್ಟಿಯಲ್ಲಿ ಮೊದಲ ಸಾಲಿನ ಊರು ರಾಜ್‌ಕೋಟ್. ಕೊನೆಯ ಸಾಲಿನ ಊರೂ ರಾಜ್‌ಕೋಟ್.